ಹುಳು ಮನೆಗೆ ಹೊಕ್ಕ ಕಾರು

ನಮ್ಮ ಗಿಡ್ಡಿ ಕೋಳಿ ಇವತ್ತು ಬೆಳಿಗ್ಗೆ ಒಂಬತ್ತು ಮರಿ ಎಬ್ಬಿಸಿದೆ. ಸಂತೋಷದ ವಿಷಯವೇ. ಆದರೆ ಅದು ಕಾವಿಗೆ ಕೂತ ಜಾಗ ನೋಡಿ ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ಇಟ್ಟುಕೊಟ್ಟಿದ್ದೆ, ಹುಲ್ಲು ಹಾಸಿದ್ದೆ, ಮೇಲೊಂದು ಹಳೇ ಗೋಣಿ ಮುಚ್ಚಿದ್ದೆ. ಆ ಮಹಾರಾಣಿಗೆ ಅದು ಸರಿಬರಲಿಲ್ಲ. ಸೊಪ್ಪು ಕೊಚ್ಚುವ ಕೋಣೆಯ ಮೂಲೆಯಲ್ಲಿ ಒಂದು ಕರಿ ಪ್ಲಾಸ್ಟಿಕ್ ಡಬ್ಬ ಬಿದ್ದಿದೆ, ಅದರೊಳಗೇ ಹೋಗಿ ಕೂತಿದೆ. ಡಬ್ಬ ಅಂದರೆ ಉಪ್ಪಿನಕಾಯಿ ಡಬ್ಬ ಅಂದುಕೊಳ್ಳಬೇಡಿ. ಒಂದು ಕಡೆ ಸೊಂಡಿಲು, ಇನ್ನೊಂದು ಕಡೆ ತೂತು, ಸುತ್ತ ಕ್ಲಿಪ್ಪು. ಅದು ಒಂದು ಕಾರಿನ ಮೂಗು. ಇಂಜಿನ್ನು ಗಾಳಿ ಎಳೆದುಕೊಳ್ಳುವ ಡಬ್ಬ. ಯಾವ ಕಾರಿನದು, ಮೂಗು ಯಾಕೆ ಕೊಯ್ದರು, ರೇಷ್ಮೆ ಹುಳ ಸಾಕುವ ನಮ್ಮ ಮನೆಗೆ ಅದು ಯಾಕೆ ಬಂತು ಅಂತ ಕೇಳುತ್ತೀರಾದರೆ ಕೂತುಕೊಳ್ಳಿ, ಕಾಫಿಗೆ ಇಡುತ್ತೇನೆ. ನಿಂತುಕೊಂಡು ಕೇಳುವಷ್ಟು ಸಣ್ಣ ಕಥೆಯಲ್ಲ ಅದು.

ನನಗೊಬ್ಬ ತಮ್ಮ ಇದ್ದಾನೆ, ಸೀನ. ನಮ್ಮ ತವರು ರಾಯಲ್ಪಾಡು ಕಡೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಸೀನ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಜೊತೆಯ ಹುಡುಗರೆಲ್ಲ ಸೈಟು ತಗೊಂಡರು, ಮದುವೆ ಆದರು. ಇವನು ಆರು ವರ್ಷ ಕೂಡಿಟ್ಟು ಮೂರು ವರ್ಷದ ಹಿಂದೆ ಒಂದು ಕಾರು ತಂದ. ಅದೂ ಯಾರೋ ಓಡಿಸಿ ಬಿಟ್ಟ ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದ ಹಾಗೆ ಇರುತ್ತಿತ್ತು. ನಮ್ಮಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏಮಿರಾ ಇದಿ, ಇದ್ದರೇನಾ ಕೂಸುನೇದಿ?" ಅಂದಳು. ಇಬ್ಬರೇನಾ ಕೂರೋದು ಅಂತ. ಸೀನ ತಲೆ ಕೆರೆದುಕೊಂಡು, "ಇಬ್ಬರಿಗಿನ್ನ ಜಾಸ್ತಿ ಆದ್ರೆ ಪಿಕಪ್ ಇರಲ್ಲಮ್ಮ" ಅಂದ. ಇನ್ನೂ ಒಬ್ಬಳು ಹೆಂಡತಿ ಸಿಕ್ಕಿರಲಿಲ್ಲ, ಅವನಿಗೆ ಪಿಕಪ್ಪಿನ ಯೋಚನೆ.

ಆ ಕಾರು ನಮ್ಮೂರಿಗೆ ಬರುವ ಚೆಂದ ನೀವು ನೋಡಬೇಕಿತ್ತು. ಕ್ಯಾಲನೂರು ದಾಟಿ ನಮ್ಮ ದಾರಿ ಹಿಡಿದರೆ ಡೇರಿ ಮುಂದೆ ಒಂದು ಹಂಪು, ಸ್ಕೂಲ್ ಮುಂದೆ ಎರಡು, ತನ್ನ ಮನೆ ಮುಂದೆಯೂ ಒಂದಿರಲಿ ಅಂತ ಪಂಚಾಯ್ತಿ ಮೆಂಬರು ಹಾಕಿಸಿಕೊಂಡಿದ್ದು ಇನ್ನೊಂದು. ಪ್ರತಿ ಹಂಪಿಗೂ ಸೀನ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಮತ್ತೆ ಹತ್ತಿ ಏಡಿಯ ಹಾಗೆ ಓರೆಯಾಗಿ ದಾಟಿಸುತ್ತಿದ್ದ. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡುಗಳು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಇಂಥ ಕಾರಿಗೆ ಸ್ಪೀಡು ಸಾಲದು ಅಂತ ಅವನ ಕೊರಗು. ಒಂದು ದಿನ ಫೋನು ಮಾಡಿ, "ಅಕ್ಕಾ, ಕಾರಿಗೆ ಉಸಿರು ಸಾಲ್ತಿಲ್ಲ" ಅಂದ. ನಾನು ಗಾಬರಿಯಿಂದ ಡಾಕ್ಟರ ಹತ್ರ ಹೋಗು ಅನ್ನುವುದರಲ್ಲಿದ್ದೆ. ಕಂಪನಿಯವರು ಇಟ್ಟಿರುವ ಗಾಳಿ ಡಬ್ಬ ಇಕ್ಕಟ್ಟಂತೆ. ಅದನ್ನು ಕಿತ್ತು ಬೇರೆ ಪೈಪು, ಬೇರೆ ಫಿಲ್ಟರು ಹಾಕಿದರೆ ಇಂಜಿನ್ನು ಸಲೀಸಾಗಿ ಗಾಳಿ ಎಳೆದು ನಾಲ್ಕೈದು ಕುದುರೆಯಷ್ಟು ಶಕ್ತಿ ಜಾಸ್ತಿ ಕೊಡುತ್ತದಂತೆ. ಆ ಕುದುರೆಗಳನ್ನು ಮೆಂಬರ ಹಂಪಿನ ಮೇಲೆ ಹೇಗೆ ಓಡಿಸುತ್ತೀಯೋ ಅಂತ ಕೇಳಿದೆ. ಫೋನು ನಮ್ಮನೆಯವರಿಗೆ ಕೊಡು ಅಂದ.

ನಮ್ಮನೆಯವರಿಗೆ ಎಲ್ಲ ವಿಷಯವೂ ಬೋರ್‌ವೆಲ್ಲಿನ ಮೂಲಕವೇ ಅರ್ಥವಾಗುವುದು. "ಮೋಟ್ರಿಗೆ ಸಕ್ಷನ್ ಪೈಪು ದಪ್ಪ ಹಾಕಿದ್ರೆ ನೀರು ಜಾಸ್ತಿ ಬರಲ್ವೇನೇ? ಇದೂ ಅಷ್ಟೇ" ಅಂತ ನನಗೇ ಪಾಠ ಹೇಳಿದರು. ಭಾವ, ಭಾಮೈದ ಇಬ್ಬರೂ ಸೇರಿಕೊಂಡರೆ ಮುಗಿಯಿತು. ಬೇರೆ ಬೇರೆ ಇದ್ದಾಗ ಇಬ್ಬರಿಗೂ ಬುದ್ಧಿ ಇರುತ್ತದೆ, ಜೊತೆಗಿದ್ದಾಗ ಇಬ್ಬರದೂ ಹೋಗುತ್ತದೆ.

ಈಗ ನನ್ನ ಸಂಗತಿ ಹೇಳಬೇಕು. ಹುಳ ಸಾಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನಮ್ಮನೆಯವರು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುತ್ತಾರೆ, ಅಲ್ಲಿಗೆ ಅವರ ಪಾಲು ಮುಗಿಯಿತು. ಮನೆಯ ಹಿಂದೆ ಹುಳು ಮನೆ ಇದೆ. ಅದರೊಳಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ, ಬೀಡಿ ಸೇದಿ ಹೋಗುವಂತಿಲ್ಲ, ಸೆಂಟು ಹಾಕಿಕೊಂಡು ಹೋಗುವಂತಿಲ್ಲ. ಹುಳಕ್ಕೆ ವಾಸನೆ ಆಗದು, ಕೆಟ್ಟ ಗಾಳಿ ಆಗದು. ಆ ವರ್ಷ ಡಿಸೆಂಬರಿನ ಹುಳದ ಬೆಳೆ ಸಪ್ಪೆ ರೋಗ ಬಂದು ಪೂರ್ತಿ ಹೋಗಿತ್ತು. ನಮ್ಮನೆಯವರು ಸೊಪ್ಪಿನ ತೋಟದ ಬದುವಿನಲ್ಲಿ ನಿಂತು, "ಇನ್ನೊಂದು ಬೆಳೆ ನೋಡ್ತೀನಿ. ಇದೂ ಹೋದ್ರೆ ಸೊಪ್ಪಿನ ಗಿಡ ಕಿತ್ತು ಟೊಮೆಟೊ ಹಾಕೋದೇ" ಅಂದಿದ್ದರು. ಅವರು ಮಾತು ಕಮ್ಮಿ ಆಡುವ ಮನುಷ್ಯ, ಆಡಿದ ಮೇಲೆ ಮಾಡುವವರು. ಆ ತೋಟಕ್ಕೆ ಕಡ್ಡಿ ನೆಟ್ಟವಳು ನಾನು. ಹನ್ನೆರಡು ವರ್ಷ ನನ್ನದು ಅಂತ ಹೇಳಿಕೊಳ್ಳಲು ಈ ಮನೆಯಲ್ಲಿ ನನಗಿದ್ದದ್ದು ಆ ಹುಳ ಒಂದೇ. ಅದಕ್ಕೇ ಮುಂದಿನ ಬೆಳೆಗೆ ಹುಳು ಮನೆಯನ್ನು ಮೂರು ಸಲ ತೊಳೆದೆ. ಸುಣ್ಣ ಹೊಡೆದೆ, ಬ್ಲೀಚಿಂಗ್ ಪೌಡರ್ ಹಾಕಿದೆ, ಕಿಟಕಿಯ ಮೆಶ್ ಎಲ್ಲ ಉಜ್ಜಿದೆ. ಬುಧವಾರ ಮರಿ ಹುಳ ಬರುವುದಿತ್ತು. ಭಾನುವಾರ ಬಾಗಿಲಿಗೆ ಬೀಗ ಹಾಕಿ ಶ್ರೀನಿವಾಸಪುರಕ್ಕೆ ಒಂದು ಸೀಮಂತಕ್ಕೆ ಹೋದೆ. ಬೀಗದ ಕೈ ಎಲ್ಲಿಡುತ್ತೇನೆ ಅಂತ ನಮ್ಮನೆಯವರಿಗೆ ಗೊತ್ತಿತ್ತು. ಅಲ್ಲೇ ನಾನು ಕೆಟ್ಟದ್ದು.

ಸಂಜೆ ನಾಲ್ಕಕ್ಕೆ ಬಸ್ಸಿಳಿದು ಬರುತ್ತೇನೆ, ಹುಳು ಮನೆಯ ಬಾಗಿಲಲ್ಲಿ ಹಳದಿ ಕಾರಿನ ಹಿಂಭಾಗ ಕಾಣುತ್ತಿದೆ. ಸೊಪ್ಪಿನ ಗಾಡಿ ಒಳಗೆ ಬರಲಿ ಅಂತ ಬಾಗಿಲು ಅಗಲ ಇಡಿಸಿದ್ದೆ, ಅದು ಈ ಉಪಯೋಗಕ್ಕೆ ಬಂತು. ಒಳಗೆ ಇಬ್ಬರೂ ಕಾಲು ತೊಳೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಹಳ ಮರ್ಯಾದೆಯಿಂದ ಬಾನೆಟ್ಟು ಎತ್ತಿಕೊಂಡು ನಿಂತಿದ್ದರು. ಚಪ್ಪಲಿ ಬಿಟ್ಟಿದ್ದಕ್ಕೆ ನನ್ನಿಂದ ಶಭಾಷ್‌ಗಿರಿ ಬೇಕಿತ್ತೇನೋ.

"ಇಲ್ಲಿಗೆ ಯಾಕೋ ತಂದೆ ಇದನ್ನ?"

"ಅಕ್ಕಾ, ಪೈಪಿನ ಜೊತೆ ಕೊಟ್ಟಿರೋ ಚೀಟೀಲಿ ಧೂಳಿಲ್ಲದ ಜಾಗದಲ್ಲಿ ಫಿಟ್ ಮಾಡಿ ಅಂತ ಬರೆದಿದೆ" ಅಂದ ಸೀನ. "ಊರೆಲ್ಲ ನೋಡ್ದೆ. ನಿನ್ನ ಹುಳು ಮನೆಯಷ್ಟು ಕ್ಲೀನಾಗಿರೋ ಜಾಗ ಎಲ್ಲೂ ಇಲ್ಲ."

ಬೈಯಬೇಕಾದ ಮಾತಿನಲ್ಲೇ ಹೊಗಳಿಕೆ ಸೇರಿಸಿಬಿಟ್ಟರೆ ಮನುಷ್ಯರು ಏನು ಮಾಡಬೇಕು ಹೇಳಿ. ಈಗಲೇ ಹೊರಗೆ ತೆಗಿ ಅಂದೆ. ಹಳೇ ಡಬ್ಬ ಬಿಚ್ಚಿಯಾಗಿದೆ, ಹೊಸದು ಕೂರುವವರೆಗೂ ಇಂಜಿನ್ನು ಸ್ಟಾರ್ಟ್ ಮಾಡೋ ಹಾಗಿಲ್ಲ ಅಂದ. ತಳ್ಳಿ ಅಂದೆ. ಒಳಗೆ ಹತ್ತಿಸುವಾಗ ಹಲಗೆ ಮುರಿದುಹೋಗಿದೆ, ಸ್ಟಾರ್ಟ್ ಆಗದೆ ಹೊಸ್ತಿಲು ದಾಟಲ್ಲ ಅಂತ ನಮ್ಮನೆಯವರು ನೆಲ ನೋಡಿಕೊಂಡು ಹೇಳಿದರು. ಅಂದರೆ ಆ ಹಾಳು ಮೂಗು ಕೂರಿಸುವವರೆಗೂ ಕಾರು ನನ್ನ ಹುಳು ಮನೆಯಲ್ಲೇ.

ಹೊಸ ಪೈಪು ಬಳಕುವ ಬೆಳ್ಳಿ ಬಣ್ಣದ್ದು, ತುದಿಯಲ್ಲಿ ಕೆಂಪು ಬಟ್ಟೆಯ ಶಂಕುವಿನಂಥ ಫಿಲ್ಟರು. ಸೀನ ಡಬ್ಬಿಯಿಂದ ಬುಸ್ ಅಂತ ಏನೋ ಹೊಡೆದು ಒಳಗಿನ ಸೆನ್ಸರ್ ತೊಳೆದ. ಫಿಲ್ಟರಿಗೆ ಎಣ್ಣೆ ಸವರಿದ. ಸೀಮೆಎಣ್ಣೆಯೂ ನೇಲ್ ಪಾಲಿಶೂ ಕಲೆಸಿದಂಥ ವಾಸನೆ ಗೋಡೆಗೆಲ್ಲ ಹತ್ತಿತು. ಆಮೇಲೆ ನೋಡಿದರೆ ಪೈಪು ಎರಡು ಬೆರಳು ಗಿಡ್ಡ. ನಮ್ಮನೆಯವರು ಓಡಿಹೋಗಿ ಮೋಟ್ರಿನ ಹಳೇ ಹೋಸ್ ಪೈಪಿನಿಂದ ಒಂದು ತುಂಡು ಕತ್ತರಿಸಿ ತಂದರು. ಅದು ಕೂತಿತು. ಕೊನೇ ಕ್ಲಾಂಪು ಮಾತ್ರ ಬ್ಯಾಟರಿಯ ಹಿಂದೆ ಒಂದು ಸಂದಿಯಲ್ಲಿ. ಇಬ್ಬರ ಕೈಯೂ ಒಳಗೆ ಹೋಗದು. ಅರ್ಧ ಗಂಟೆ ಒದ್ದಾಡಿದರು. ಒಬ್ಬರು ಸ್ಕ್ರೂ ಬೀಳಿಸಿದರೆ ಇನ್ನೊಬ್ಬರು ಹುಡುಕುವುದು.

"ಅಕ್ಕಾ, ನಿನ್ನ ಕೈ ಸಣ್ಣದು" ಅಂದ ಸೀನ, ಮೆಲ್ಲಗೆ.

ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದೆ. ಇನ್ನೇನು ಮಾಡಲಿ? ಮರಿ ಹುಳ ನೋಯದ ಹಾಗೆ ಎತ್ತಿ ಅಭ್ಯಾಸವಾದ ಬೆರಳು, ಎರಡು ನಿಮಿಷಕ್ಕೆ ಕ್ಲಾಂಪು ಬಿಗಿಯಾಯಿತು. ಸೀನ ಸ್ಟಾರ್ಟ್ ಮಾಡಿದ. ಒಂದು ಗರ್ಜನೆ ಬಂತು ನೋಡಿ, ಕಿಟಕಿಯ ಮೆಶ್ ಎಲ್ಲ ನಡುಗಿತು. ನಮ್ಮನೆಯವರು ಸ್ಕೂಲ್ ಹುಡುಗನ ಹಾಗೆ ಚಪ್ಪಾಳೆ ಹೊಡೆದರು. ಸೀನನ ಮುಖದಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನೆದೆಯೂ ಒಂದು ಕ್ಷಣ ಜುಂ ಅಂತು. ತೋರಿಸಿಕೊಳ್ಳಲಿಲ್ಲ. ಹೊಗೆ ನನ್ನ ಸುಣ್ಣದ ಗೋಡೆ ಮುಟ್ಟುತ್ತಿರುವುದು ಕಂಡು ಇಬ್ಬರಿಗೂ ತಲೆಮಾರಿಗಾಗುವಷ್ಟು ಬೈದು ಕಾರು ಹೊರಡಿಸಿದೆ. ಹಳೇ ಡಬ್ಬ ಇಲ್ಲೇ ಉಳಿಯಿತು.

ಎರಡು ದಿನ ತೊಳೆದೆ. ಎಲ್ಲ ಕಿಟಕಿ ತೆರೆದಿಟ್ಟೆ. "ಗಾಳಿ ಆಡಿದ್ರೆ ಹೋಗುತ್ತೆ ಬಿಡೇ, ಈಗ ಏನೂ ವಾಸನೆ ಇಲ್ಲ" ಅಂದರು ನಮ್ಮನೆಯವರು. ನನ್ನ ಮೂಗು ಒಪ್ಪಲಿಲ್ಲ. ಮೂಗೋ, ಹಟವೋ. ಬುಧವಾರ ಮರಿ ಹುಳ ಬಂದಾಗ, ಈ ಗಬ್ಬಿನಲ್ಲಿ ನಾನಿಡಲ್ಲ ಅಂತ ತಟ್ಟೆಗಳನ್ನೆಲ್ಲ ಮನೆಯ ಹಾಲಿಗೆ ಸಾಗಿಸಿದೆ. ಸಣ್ಣ ಹುಳ, ನಾಲ್ಕೈದು ದಿನಕ್ಕೆ ಜಾಗ ಸಾಕಿತ್ತು. ಗುರುವಾರ ಬೆಳಗಿನ ಜಾವ ಸೊಪ್ಪು ಹಾಕಲು ಎದ್ದು ನೋಡಿದರೆ ಹುಳ ತಲೆ ಎತ್ತಿ ಒದ್ದಾಡುತ್ತಿವೆ, ಬಾಯಲ್ಲಿ ಹಸಿರು ನೀರು. ಸಂಜೆಯೊಳಗೆ ಮುಕ್ಕಾಲು ಪಾಲು ಹೋದವು. ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದೆವು.

ಶುಕ್ರವಾರ ಸೀನ ರಜೆ ಹಾಕಿ ಬಂದ. ಗೇಟಿನ ಹತ್ತಿರವೇ ನಿಂತ. "ನಿನ್ನ ಕಾರಿಗೆ ಉಸಿರು ಕೊಡೋಕೆ ನನ್ನ ಹುಳದ ಉಸಿರು ತೆಗೆದೆ ಕಣೋ" ಅಂದೆ. ಇನ್ನೂ ಏನೇನೋ ಅಂದೆ, ತೆಲುಗಿನಲ್ಲೂ ಅಂದೆ. ಎಲ್ಲ ಕೇಳಿಸಿಕೊಂಡು ಗೇಟಿನಿಂದಲೇ ಹಿಂದಿರುಗಿದ. ಮೂರನೇ ವಾರಕ್ಕೆ ಕಾರು ಮಾರಿದ ಅಂತ ಅಮ್ಮ ಹೇಳಿದಳು. ನಮ್ಮನೆಯವರು ಬದುವಿನಲ್ಲಿ ಬಹಳ ಹೊತ್ತು ನಿಂತಿದ್ದು ಬಂದು, "ಇದು ಹುಳದ ತಪ್ಪಲ್ಲ. ನಿನ್ನ ತಮ್ಮಂದು, ಬೀಗ ತೆಗೆದುಕೊಟ್ಟ ನಂದು. ಇನ್ನೊಂದು ಬೆಳೆ ನೋಡು" ಅಂದರು. ತೋಟ ಉಳಿಯಿತು. ಮುಂದಿನ ಬೆಳೆ ಚೆನ್ನಾಗಿ ಬಂತು, ಅದರ ಮುಂದಿನದೂ.

ಇಷ್ಟು ಹೊತ್ತು ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೇನೆ. ಆ ಗುರುವಾರ ಬೆಳಿಗ್ಗೆ ಹುಳ ಒದ್ದಾಡುವುದು ನೋಡಿ ತಲೆ ಎತ್ತಿದರೆ, ಹಾಲ್‌ನ ಗೋಡೆಯಲ್ಲಿ ಒಂದು ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ. ಸಂಜೆ ದೇವರ ದೀಪ ಹಚ್ಚಿ, ಹಾಗೇ ಬಂದು ಆ ಸ್ವಿಚ್ಚು ಒತ್ತುವುದು ನನ್ನ ಕೈಗೆ ಎಷ್ಟೋ ವರ್ಷದ ಅಭ್ಯಾಸ. ಬುಧವಾರ ಸಂಜೆಯೂ ಕೈ ತನ್ನ ಪಾಡಿಗೆ ಒತ್ತಿಬಿಟ್ಟಿತ್ತು. ಸೊಳ್ಳೆ ಸಾಯುವ ಗಾಳಿಯಲ್ಲಿ ಹುಳ ಬದುಕೀತೇ? ಹುಳ ಸಾಕುವ ಮನೆಯ ಮಗುವಿಗೂ ಗೊತ್ತು. ನಾನು ಸ್ವಿಚ್ಚು ಆರಿಸಿದೆ. ಬಾಟಲಿ ಕಿತ್ತು ತಿಪ್ಪೆಗೆ ಹಾಕಿ ಮೇಲೆ ಬೂದಿ ಎಳೆದೆ. ಆಮೇಲೆ ನಮ್ಮನೆಯವರನ್ನು ಎಬ್ಬಿಸಿದೆ. ಯಾರಿಗೂ ಹೇಳಲಿಲ್ಲ. ನನ್ನ ತಪ್ಪು ಅಂತ ಗೊತ್ತಾಗಿದ್ದರೆ ಅವತ್ತೇ ತೋಟಕ್ಕೆ ಗುದ್ದಲಿ ಬೀಳುತ್ತಿತ್ತು. ನನ್ನ ತೋಟ ಉಳಿಸಿಕೊಳ್ಳಲು ನನ್ನ ತಮ್ಮನನ್ನು ಕೊಟ್ಟೆ. ಇದಕ್ಕೆ ಬೇರೆ ಹೆಸರು ಹುಡುಕಿ ಮೂರು ವರ್ಷ ಆಯಿತು, ಸಿಗಲಿಲ್ಲ.

ನಿಮಗೆ ಹೇಳಿದವಳು ಅವನಿಗೆ ಹೇಳದೆ ಹೇಗಿರಲಿ? ಈಗ ತಾನೇ, ಮಧ್ಯಾಹ್ನದ ಊಟದ ಹೊತ್ತು ನೋಡಿಕೊಂಡು ಸೀನನಿಗೆ ಫೋನು ಮಾಡಿದೆ. ಹಿಂದೆ ಕ್ಯಾಂಟೀನಿನ ತಟ್ಟೆಗಳ ಸದ್ದು. ಸುತ್ತಿ ಬಳಸದೆ ಎಲ್ಲ ಹೇಳಿದೆ. ರಾತ್ರಿ ನಿಮ್ಮ ಭಾವನಿಗೂ ಹೇಳ್ತೀನಿ, ತೋಟ ಹೋದ್ರೆ ಹೋಗಲಿ ಅಂದೆ. ಬೈಯಲಿ ಅಂತ ಕಾದೆ. ಕಾರಿನ ಮಾತು ಎತ್ತುತ್ತಾನೆ ಅಂತ ಕಾದೆ. ಎತ್ತಲಿಲ್ಲ.

"ಸ್ವಿಚ್ಚಾ ಅಕ್ಕಾ?" ಅಂದ.

"ಹೂಂ ಕಣೋ."

"ನಾನು ಈಗ್ಲೂ ನಿಮ್ಮನೆಗೆ ಬರೋವಾಗ, ಬಸ್ ಇಳಿದು ಅಂಗಿ ಮೂಸಿ ನೋಡ್ಕೊಂಡೇ ಬರ್ತೀನಕ್ಕ" ಅಂದ.

ಊಟದ ಹೊತ್ತು ಮುಗಿದ ಬೆಲ್ಲು ಹೊಡೆಯಿತು, ಅವನೇ ಫೋನು ಇಟ್ಟ.