ಪತ್ತಾಯದ ಮುಚ್ಚಳ

ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪುತ್ತೂರಿನ ಪ್ರೆಸ್ಸಿಗೆ ವಿಜ್ಞಾನದ ಚರಿತ್ರೆ ಬರೆಯುವ ಮಾಸ್ಟ್ರೊಬ್ಬರು ಬರುತ್ತಿದ್ದರು. ಯಾರು ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಕಂಡದ್ದಾ, ಕೇಳಿದ್ದಾ?" ಎನ್ನುವರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಸಿಡುಬಿನ ಲಸಿಕೆ ನಮ್ಮ ಕಡೆಗೆ ಬಂದ ಕಥೆ ಬರೆದರು. ಊರಲ್ಲಿ ಮೊದಲು ಲಸಿಕೆಗೆ ಕೈಯೊಡ್ಡಿದವರು ತಮ್ಮ ಅಜ್ಜ ಎಂಬುದೇ ಮೊದಲ ಪುಟ. ಅಚ್ಚಿಗೆ ಮುಂಚೆ ಬಲ್ಲವರಿಗೆ ಓದಿ ಹೇಳುವುದು ಅವರ ಕ್ರಮ. ಅಜ್ಜನ ನೆರೆಮನೆಯಲ್ಲಿ ಬೆಳೆದ ಮುದುಕಿಯೊಬ್ಬರು ಆಲೆಟ್ಟಿಯಿಂದ ಬಂದಿದ್ದರು. ಮಾಸ್ಟ್ರು ಅವರನ್ನು ಪ್ರೆಸ್ಸಿನಲ್ಲೇ ಕೂರಿಸಿ ಓದಿದರು.

ಮುದುಕಿ ನಕ್ಕುಬಿಟ್ಟರು. "ಎಂತ ಮಾಸ್ಟ್ರೆ! ನಿಮ್ಮ ಅಜ್ಜ ಭತ್ತ ತುಂಬುವ ಮರದ ಪತ್ತಾಯದ ಒಳಗೆ ಅಡಗಿದ್ದು. ಮೊದಲು ಕೈಯೊಡ್ಡಿದ್ದು ನನ್ನ ಅಮ್ಮ."

"ಕಂಡದ್ದಾ, ಕೇಳಿದ್ದಾ?"

"ಪತ್ತಾಯದ ಮುಚ್ಚಳ ಹಾಕಿದ್ದೇ ನಾನು ಮಾರಾಯ್ರೆ!"

ಜೊತೆಗಿದ್ದ ಮಾಸ್ಟ್ರ ಅಣ್ಣ ತಮ್ಮನ ಮೇಲೆ ಕೆಂಡವಾದರು. "ಅಜ್ಜನ ಮಾನ ತೆಗೀತಿಯಾ? ಇದು ಅಚ್ಚಾದ್ರೆ ನನ್ನ ಮನೆ ಮೆಟ್ಲು ಹತ್ತುದು ಬೇಡ."

ಮಾಸ್ಟ್ರು ಮುದುಕಿಯ ಅಮ್ಮನ ಹೆಸರು ಕೇಳಿಕೊಂಡರು. ಜೋಡಿಸಿಟ್ಟ ಪುಟದಿಂದ ಅಜ್ಜನ ಹೆಸರಿನ ಮೊಳೆಗಳನ್ನು ತಾವೇ ಒಂದೊಂದಾಗಿ ಕಿತ್ತು ನನ್ನ ಅಂಗೈಗೆ ಹಾಕಿದರು. ಅಣ್ಣ ಕೊಡೆ ಎತ್ತಿಕೊಂಡು ಹೊರಟುಹೋದರು. ಮುಂದೆ ಅವರಿಬ್ಬರೂ ಜೊತೆಯಾಗಿ ಪ್ರೆಸ್ಸಿಗೆ ಬರಲಿಲ್ಲ.

ಮಾಸ್ಟ್ರು ಎಂಥವರಾಗಿದ್ದರು ಎಂದು ಕೇಳಿದವರಿಗೆ ನಾನು ಇಷ್ಟನ್ನೇ ಹೇಳುತ್ತೇನೆ. ಇದು ಕೇಳಿದ್ದಲ್ಲ, ಕಂಡದ್ದು.