ಮೆಲಾಕಾದಲ್ಲಿ ಇಟ್ಟ ಎಡೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಮ್ಮ ಹಾವೇರಿ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಮದುವೆಯಾಗಿ ಬಂದಾಗಿನಿಂದ ನಾನೂ ಇಟ್ಟಿದ್ದೇನೆ. ಅತ್ತೆಗೆ ಹೋಳಿಗೆ, ಮಾವನಿಗೆ ಕೋಳಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು, ಆಮೇಲೆ ಒಳಗೆ ಹೋಗಿ ಅದನ್ನೇ ನಾವು ಉಣ್ಣುವುದು. ಒಂದು ವರ್ಷವಾದರೂ ಒಂದು ಅಗುಳು ಕಡಿಮೆಯಾಗಿದ್ದನ್ನು ಕಂಡಿಲ್ಲ. ಪದ್ಧತಿ, ಮಾಡುತ್ತೇನೆ, ಅಷ್ಟೇ. ಇಂಥ ನನಗೆ ಮಲೇಶಿಯಾದಲ್ಲಿ ಒಂದು ಮಧ್ಯಾಹ್ನ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಬೇಕೆಂದೇನಿಲ್ಲ. ನಮ್ಮ ಮನೆಯವರೇ ನಂಬಿಲ್ಲ.

ಅದು ಕೊರೋನಾ ಕಾಲ. ಮಗಳು ಶೋಭಾ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕೆಲವು ದಿನ ಇದ್ದು ಬರೋಣವೆಂದು ಹೋದವಳು, ವಿಮಾನ ನಿಂತು ಅಲ್ಲೇ ಸಿಕ್ಕಿಹಾಕಿಕೊಂಡೆ. ಎತ್ತರದ ಫ್ಲಾಟಿನಲ್ಲಿ ಮಗಳು, ಅಳಿಯ, ನಾನು. ಕಿಟಕಿ ತೆಗೆದರೆ ಸಮುದ್ರ. ನೋಡಿ ನೋಡಿ ಅದೂ ಬೇಸರ ಬಂದಿತ್ತು.

ಎದುರು ಫ್ಲಾಟಿನಲ್ಲಿ ಮಾರಿಸೊಲ್ ಎಂಬ ಹೆಂಗಸಿದ್ದಳು. ಮೆಕ್ಸಿಕೋ ದೇಶದವಳು, ನಲವತ್ತರ ಆಸುಪಾಸು. ಗಂಡ ಹಡಗಿನಲ್ಲಿ ಎಂಜಿನಿಯರ್. ಎಲ್ಲಿಯೂ ದಡ ಹತ್ತಲು ಬಿಡದೆ ತಿಂಗಳುಗಟ್ಟಲೆ ನೀರಿನ ಮೇಲೇ ಇದ್ದ. ಮಕ್ಕಳಿಲ್ಲ. ಆ ವರ್ಷ ಅವಳ ತಾಯಿ ಊರಿನ ಆಸ್ಪತ್ರೆಯಲ್ಲಿ ಒಬ್ಬಳೇ ಸತ್ತಳು. ಇವಳಿಗೆ ಹೋಗಲಾಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು. ಆಮೇಲೆ ಇವಳಿಗೂ ಅದೇ ರೋಗ ಬಂತು. ಜೀವ ಉಳಿಯಿತು, ನಾಲಿಗೆ ಹೋಯಿತು. ಉಪ್ಪು, ಖಾರ, ಸಿಹಿ, ವಾಸನೆ ಒಂದೂ ತಿಳಿಯುತ್ತಿರಲಿಲ್ಲ. ತಿನ್ನಬೇಕಲ್ಲ ಎಂದು ಔಷಧಿ ನುಂಗಿದ ಹಾಗೆ ತಿನ್ನುತ್ತಿದ್ದಳು, ಸೊರಗಿ ಹೋಗಿದ್ದಳು.

ದೀಪಾವಳಿ ಹತ್ತಿರ ಬಂದಿತ್ತು. ಓಡಾಡಲು ಬಿಟ್ಟಿದ್ದರು. ಒಂದು ದಿನ ಅವಳು ನಮ್ಮ ಮನೆಗೆ ಬಂದಾಗ ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಅವಳ ಕಣ್ಣು ನನ್ನ ಸುಣ್ಣದ ಡಬ್ಬಿಯ ಮೇಲೆ ನಿಂತಿತು. ಶೋಭಾಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಯವ್ವಾ, ಆಕಿಗೆ ನಿನ್ನ ಸುಣ್ಣ ಬೇಕಂತ."

"ಯಾಕ, ಎಲಿ ಹಾಕ್ತಾಳೇನು?"

"ಇಲ್ಲಬೇ, ಗೋವಿನಜೋಳದ ಜೋಡಿ ಕುದಸಾಕಂತ."

"ತಲಿ ಕೆಟ್ಟೈತಿ ಇದಕ್ಕ," ಎಂದೆ. ಶೋಭಾ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ತಲೆ ಕೆಟ್ಟಿರಲಿಲ್ಲ. ಅವರ ದೇಶದಲ್ಲಿ ನವೆಂಬರ್ ಶುರುವಿಗೆ ಸತ್ತವರು ಮನೆಗೆ ಬರುತ್ತಾರಂತೆ. ನಮ್ಮ ಎಡೆಯ ಹಾಗೆಯೇ ಫೋಟೋ, ದೀಪ, ಒಂದು ಲೋಟ ನೀರು, ಅವರಿಗೆ ಇಷ್ಟವಾದ ಊಟ ಇಡುತ್ತಾರೆ. ಇವಳ ತಾಯಿಗೆ ಇಷ್ಟವಾದದ್ದು, ಸುಣ್ಣದ ನೀರಿನಲ್ಲಿ ಬೇಯಿಸಿದ ಗೋವಿನಜೋಳ ರುಬ್ಬಿ, ಒಳಗೆ ಖಾರ ಹಚ್ಚಿದ ಕೋಳಿ ತುಂಬಿ, ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಒಂದು ತಿಂಡಿ. ನಮ್ಮ ಹೊಲದಲ್ಲಿ ಅಷ್ಟು ಗೋವಿನಜೋಳ ಬೆಳೆದರೂ ಸುಣ್ಣ ಹಾಕಿದರೆ ಅದರ ಸಿಪ್ಪೆ ಹಾಗೆ ಕಳಚಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೂವು ಬೇಕಿತ್ತು, ಚೆಂಡು ಹೂವೇ ಆಗಬೇಕು. ತಮಿಳರ ಹೂವಿನಂಗಡಿಗೆ ಹೋದೆವು. "ದೀಪಾವಳಿಗೆ ಇನ್ನೂ ದಿನ ಇದೆಯಲ್ಲ ಅಜ್ಜಿ, ಇಷ್ಟೊಂದು ಯಾಕೆ?" ಎಂದು ತಮಿಳಿನಲ್ಲಿ ಕೇಳಿದಳು ಅಂಗಡಿಯವಳು. ಅಷ್ಟರಲ್ಲಿ ನನಗೂ ಅಷ್ಟಿಷ್ಟು ತಮಿಳು ಬರುತ್ತಿತ್ತು, ಸತ್ತವರಿಗೆ ಎಂದೆ. ಅವಳು ಒಂದು ಹಿಡಿ ಜಾಸ್ತಿ ಹಾಕಿದಳು.

ಎಡೆ ಇಡುವ ಹಿಂದಿನ ದಿನ ಮಾರಿಸೊಲ್ ಶೋಭಾಳನ್ನು ಕೂರಿಸಿಕೊಂಡು ನನಗೆ ಒಂದು ಮಾತು ಹೇಳಿಸಿದಳು. ಸತ್ತವರು ಬಂದು ಉಂಡರೆ ಅಡುಗೆ ಕಡಿಮೆಯಾಗುವುದಿಲ್ಲ, ಅದರ ರುಚಿ ಮಾತ್ರ ಹೋಗಿರುತ್ತದೆ ಎಂದು ಅವರ ಕಡೆ ಹೇಳುತ್ತಾರಂತೆ. ತನ್ನ ತಾಯಿ ಊರು ಬಿಟ್ಟು ಹೊರಗೆ ಹೋದವಳೇ ಅಲ್ಲ, ಇಷ್ಟು ಸಮುದ್ರ ದಾಟಿ ದಾರಿ ಹುಡುಕಿಕೊಂಡು ಬರುತ್ತಾಳೋ ಇಲ್ಲವೋ. ಸಾಯುವಾಗ ಮಗಳು ಬರಲಿಲ್ಲವೆಂಬ ಸಿಟ್ಟಿದ್ದರೆ ಬರುವುದೂ ಇಲ್ಲ. ಬಂದಳೋ ಇಲ್ಲವೋ ತಿಳಿಯಲು ತನಗೆ ನಾಲಿಗೆ ಇಲ್ಲ. ನಾನು ರುಚಿ ನೋಡಿ ಹೇಳಬೇಕು.

"ಶೋಭಾ, ನೀನ ನೋಡಿ ಹೇಳಬಾರದೇನು. ನಾ ಯಾಕ?" ಎಂದೆ.

"ನಾ ಸಮಾಧಾನಕ್ಕ ಏನರ ಹೇಳ್ತೀನಂತ. ನೀ ಹೇಳಂಗಿಲ್ಲಂತ. ಆಕಿ ಮಾಡಿದ ಚಾ ಕುಡದು ಮುಸರಿ ನೀರು ಅಂದಿದ್ದಿ ನೋಡು, ಅದು ಆಕಿಗೆ ನೆನಪೈತಿ."

ಅದು ಸರಿಯೇ. ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಇಬ್ಬರೂ ಅವಳ ಅಡುಗೆಮನೆಯಲ್ಲಿ ತಿಂಡಿ ಮಾಡಿದೆವು. ಉಪ್ಪು ಖಾರ ಹಾಕಿದವಳು ನಾನೇ. ಪಾತ್ರೆಯಿಂದ ತೆಗೆದ ಕೂಡಲೇ ಒಂದನ್ನು ಬಿಚ್ಚಿ ತಿಂದೆ. ಚೆನ್ನಾಗಿತ್ತು, ಖಾರ ತುಸು ಮುಂದಾಗಿತ್ತು. ಹಬೆಯಾಡುವುದನ್ನೇ ಮಾರಿಸೊಲ್ ತಟ್ಟೆಯಲ್ಲಿ ಜೋಡಿಸಿ ಹಾಲ್‌ನಲ್ಲಿ ತಾಯಿಯ ಫೋಟೋ ಮುಂದೆ ಇಟ್ಟಳು. ಫೋಟೋದಲ್ಲಿ ದಪ್ಪ ಹೆಂಗಸು, ಯಾರೋ ಅಡುಗೆಮನೆಯಿಂದ ಎಳೆದು ತಂದು ನಿಲ್ಲಿಸಿದ ಹಾಗೆ ಸಿಡುಕು ಮುಖ. ಬಾಗಿಲಿನಿಂದ ಫೋಟೋದವರೆಗೂ ಹೂವಿನ ಎಸಳು ಚೆಲ್ಲಿದಳು, ಅದು ದಾರಿಯಂತೆ. ನಾನು ಬಾಗಿಲು ಮುಂದೆ ಮಾಡಲು ಹೋದೆ, ಅವಳು ಬೇಡವೆಂದು ಕೈ ಹಿಡಿದಳು. ಅವರಲ್ಲಿ ತೆರೆದೇ ಇರಬೇಕಂತೆ. ಇಬ್ಬರೂ ಅಡುಗೆಮನೆಯಲ್ಲಿ ಕೂತೆವು. ಮಾತಾಡಲು ನಮ್ಮಿಬ್ಬರಿಗೂ ಬರುವ ಭಾಷೆ ಇರಲಿಲ್ಲ.

ಸತ್ತವರು ಮಧ್ಯಾಹ್ನಕ್ಕೆ ಹಿಂದಿರುಗುತ್ತಾರಂತೆ. ಬಿಸಿಲು ನೆತ್ತಿಗೆ ಬಂದ ಮೇಲೆ ಎದ್ದು ಹೋದೆವು. ಯಾರೂ ಬಂದಿರಲಿಲ್ಲ, ಏನೂ ಕದಲಿರಲಿಲ್ಲ, ಗಾಳಿ ಕೂಡ ಬೀಸಿರಲಿಲ್ಲ. ತಟ್ಟೆಯಿಂದ ಒಂದನ್ನು ತೆಗೆದು ಎಲೆ ಬಿಚ್ಚಿದೆ. ಖಾರದ ಎಣ್ಣೆ ಕೆಂಪಗೆ ಬೆರಳಿಗೆ ಅಂಟಿತು. ಬಾಯಿಗೆ ಹಾಕಿಕೊಂಡೆ.

ಏನೂ ಇರಲಿಲ್ಲ. ನೆನೆದ ಕಾಗದ ಅಗಿದ ಹಾಗೆ. ನಡುವಿನ ಕೋಳಿಯ ತುಂಡು ತೆಗೆದು ತಿಂದೆ. ಅದೂ ಹಾಗೆಯೇ.

ನನಗೂ ರೋಗ ಬಂತು ಎಂದುಕೊಂಡೆ. ಯಾರಾದರೂ ಮೊದಲು ಅದನ್ನೇ ಅಂದುಕೊಳ್ಳುತ್ತಾರೆ. ಅಡುಗೆಮನೆಗೆ ಹೋಗಿ, ಪಾತ್ರೆಯಲ್ಲೇ ಉಳಿದಿದ್ದ ಒಂದನ್ನು ತಿಂದೆ. ಖಾರ ಕಿವಿಗೆ ಹತ್ತಿತು. ಮತ್ತೆ ಬಂದು ತಟ್ಟೆಯದನ್ನು ತಿಂದೆ. ಏನೂ ಇಲ್ಲ.

ಮಾರಿಸೊಲ್ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. "ಅವ್ವಾ? ಟೇಸ್ಟ್?"

"ಇಲ್ಲ," ಎಂದೆ. "ನೋ ಟೇಸ್ಟ್."

ಅವಳು ನೆಲದ ಮೇಲೆ, ಆ ಹೂವಿನ ಎಸಳಿನ ಮೇಲೆಯೇ ಕೂತುಬಿಟ್ಟಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ನನ್ನ ಕೈಯಲ್ಲಿದ್ದುದನ್ನು ಕಸಿದುಕೊಂಡು ತಿಂದಳು. ಅದು ಮುಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ.

ಎಡೆಯಲ್ಲಿ ಉಳಿದದ್ದನ್ನು ಎಲೆಯಲ್ಲಿ ಕಟ್ಟಿ ನಮಗೂ ಕೊಟ್ಟಳು. ಶೋಭಾ ಕಾಲೇಜಿನ ಆನ್‌ಲೈನ್ ಕ್ಲಾಸ್ ಮುಗಿಸಿ ಬಂದು ಅದನ್ನೇ ತಿಂದಳು. "ಎಷ್ಟ ಖಾರ ಹಾಕೀಬೇ!" ಎಂದು ನೀರು ಕುಡಿದಳು. ಅವಳು ಕಚ್ಚಿದ್ದನ್ನೇ ಕೈಯಿಂದ ಕಿತ್ತುಕೊಂಡು ನಾನು ತಿಂದೆ. ನನ್ನ ಬಾಯಿಗೆ ಏನೂ ಇಲ್ಲ. ಆದದ್ದನ್ನು ಹೇಳಿದೆ. ಅವಳು ಗಾಬರಿಯಾಗಿ ನನ್ನ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದಳು. ರೋಗ ಇರಲಿಲ್ಲ. ಹಸಿಮೆಣಸಿನಕಾಯಿ ಕಚ್ಚಿದೆ, ಕಣ್ಣಲ್ಲಿ ನೀರು ಬಂತು. ರಾತ್ರಿಯ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿದವಳೂ ನಾನೇ.

ಮೈಸೂರಿನವನಾದ ಅಳಿಯ ನಗುತ್ತಾ, "ಬಿಡಿ ಅತ್ತೆ, ಒಳ್ಳೇದೇ ಮಾಡಿದ್ರಿ. ನಿಮ್ಮ ಬಾಯಲ್ಲಿ ಇಂಥ ಸುಳ್ಳೂ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಎಂದ. ಶೋಭಾ ನನ್ನ ಬೆನ್ನು ಸವರಿದಳು. ನನಗೆ ಮೈ ಉರಿಯಿತು. "ಸುಳ್ಳ ಹೇಳಾಕ ಆಕಿ ನನಗೇನು ಬಳಗಾನ?" ಎಂದು ಕೂಗಾಡಿದೆ. ಕೂಗಾಡಿದಷ್ಟೂ ಅವರಿಗೆ ನಾನು ಒಳ್ಳೆಯವಳಾಗಿ ಕಂಡೆ.

ದೀಪಾವಳಿಗೆ ಮಾರಿಸೊಲ್‌ಳನ್ನು ಊಟಕ್ಕೆ ಕರೆದಿದ್ದೆವು. ಅಳಿಯನಿಗೆ ಬಾಯಿ ನಿಲ್ಲದು. ಶೋಭಾ ಅಂದು ಎಡೆಯ ತಿಂಡಿ ತಿಂದು ಖಾರವೆಂದು ನೀರು ಕುಡಿದದ್ದನ್ನು ತಮಾಷೆಗೆಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಮಾರಿಸೊಲ್ ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಆಮೇಲೆ ನಕ್ಕಳು. ಮತ್ತೆ ಉಣ್ಣಲು ಶುರು ಮಾಡಿದಳು.

ಮರುವರ್ಷ ಗಡಿ ತೆರೆಯಿತು. ಅಷ್ಟರಲ್ಲಿ ಅವಳಿಗೆ ರುಚಿ ಅರ್ಧಂಬರ್ಧ ತಿರುಗಿ ಬಂದಿತ್ತು. ಗಂಡ ದಡ ಸೇರಿ, ಇಬ್ಬರೂ ಊರಿಗೆ ಹೊರಟರು. ಲಿಫ್ಟಿನ ಹತ್ತಿರ ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಏನೋ ಹೇಳಿದಳು.

"ಏನಂತ?" ಎಂದೆ.

ಶೋಭಾ ತಿರುಗಿಸಿ ಹೇಳಿದಳು. "ನೀ ಸಮಾಧಾನಕ್ಕ ಹಂಗ ಹೇಳಿದಿ ಅಂತ ಆಕಿಗೆ ತಿಳದೈತಂತ. ಆ ಒಂದ ಮಾತಿನಿಂದ ಬದುಕಿದ್ನಿ ಅಂತಾಳ."

"ನಾ ಸುಳ್ಳ ಹೇಳಿಲ್ಲ ಅಂತ ಹೇಳ ಆಕಿಗೆ. ಈಗ ಹೇಳು."

ಶೋಭಾ ಹೇಳಿದಳು. ಮಾರಿಸೊಲ್ ತಲೆಯಾಡಿಸಿದಳು, ಹಟ ಹಿಡಿದ ಮಗುವಿಗೆ ಆಯಿತು ಆಯಿತು ಎನ್ನುತ್ತೇವಲ್ಲ, ಹಾಗೆ. "ನೋ ಟೇಸ್ಟ್," ಎಂದು ನಾನೇ ಮತ್ತೆ ಹೇಳಿದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟು ಲಿಫ್ಟ್ ಹತ್ತಿದಳು. ಬಾಗಿಲು ಮುಚ್ಚಿತು.

ಒಂದೇ ತಿಂಡಿ ಶೋಭಾಳ ಬಾಯಲ್ಲಿ ಖಾರವಾಗಿ, ನನ್ನ ಬಾಯಲ್ಲಿ ಕಾಗದವಾದದ್ದು ಹೇಗೆಂದು ನಾನು ಹೇಳಲಾರೆ. ಶೋಭಾ ಓದಿದವಳು, ಮನಸ್ಸಿನ ಬಗ್ಗೆ ಏನೇನೋ ಹೇಳುತ್ತಾಳೆ. ಇರಬಹುದು. ಆ ಸಿಡುಕು ಮುಖದ ಹೆಂಗಸು ಬಂದಿದ್ದಳೆಂದು ನಾನು ಆಣೆ ಇಡುವುದಿಲ್ಲ. ಆದರೆ ಬಂದಿದ್ದೇ ನಿಜವಾದರೆ, ಮಗಳ ಮೇಲೆ ಸಿಟ್ಟಿಲ್ಲದೆ ಅಷ್ಟು ದೂರ ಬಂದು ಉಂಡು ಹೋದಳೆಂಬುದು ನನಗೆ ಗೊತ್ತು, ಅವಳ ಮಗಳಿಗೆ ಗೊತ್ತಿಲ್ಲ.