ಕರುಬುವ ಅಕ್ಕ ಕಂಡ ಕಾಯಿಲೆ

ಅಕ್ಕತಂಗಿ ಸೇರಿ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಕತ್ತರಿಸುವುದು, ಹೊಲಿಯುವುದು, ಬಿಚ್ಚಿ ಮತ್ತೆ ಹೊಲಿಯುವುದು ಅಕ್ಕನ ಪಾಲು. ಅಳತೆ ತೆಗೆದು, ಬಂದವರನ್ನು ನಗಿಸಿ ಕಳಿಸುವುದು ತಂಗಿಯದು. ಹೊಗಳಿಕೆಯೆಲ್ಲ ತಂಗಿಗೇ. "ಎಂಥಾ ಕಣ್ಣಮ್ಮಾ ನಿಂದು!" ಎಂದು ಯಾರಾದರೂ ಅಂದರೆ ಸಾಕು, ಒಳಕೋಣೆಯಲ್ಲಿ ಕತ್ತರಿಯ ಸದ್ದು ಜೋರಾಗುತ್ತಿತ್ತು.

ಹೊಟ್ಟೆಕಿಚ್ಚಿನ ಕಣ್ಣಿಗೆ ರೆಪ್ಪೆಯಿಲ್ಲ. ತಂಗಿ ಏನು ತೊಟ್ಟಳು, ಎಷ್ಟು ಸಲ ಕನ್ನಡಿ ನೋಡಿದಳು, ಎಲ್ಲವೂ ಅಕ್ಕನಿಗೆ ಬಾಯಿಪಾಠ. ಹಾಗಾಗಿ ತಂಗಿ ಗಟಗಟ ನೀರು ಕುಡಿಯುತ್ತ, ಗಂಟೆಗೆರಡು ಸಲ ಬಚ್ಚಲಿಗೆ ಓಡತೊಡಗಿದ್ದು ಮೊದಲು ಕಂಡದ್ದೂ ಅವಳಿಗೇ. ಕೆಲಸಗಳ್ಳತನಕ್ಕೆ ಒಂದು ನೆವ ಅಂದುಕೊಂಡಳು. ಆಮೇಲೆ ತಂಗಿಯ ರೆಪ್ಪೆಯ ಮೇಲೆ ಹಳದಿ ಗಂಟುಗಳೆದ್ದವು, ಕಾಲು ನೋವು ಹತ್ತಿತು, ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿತು. 'ಇನ್ನೂ ದೊಡ್ಡ ಕಣ್ಣು ಬೇಕಿತ್ತಾ ಇವಳಿಗೆ' ಎಂದು ಅಕ್ಕ ಹಲ್ಲು ಕಡಿದಳು.

ಮೂಳೆ ಡಾಕ್ಟರು ವಯಸ್ಸು ಅಂದರು, ಕಣ್ಣಿನ ಡಾಕ್ಟರು ಹನಿ ಕೊಟ್ಟರು, ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಒಂದು ದಿನ ತಂಗಿ ತೂರಾಡಿ ಅಂಗಡಿಯಲ್ಲೇ ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಅವಳ ಮಂಚದ ಸುತ್ತ ಐದು ಜನ ಡಾಕ್ಟರು. ಕಾಯಿಲೆಯಲ್ಲೂ ಇವಳದೇ ಮೆರವಣಿಗೆ ಅನ್ನಿಸಿತು ಅಕ್ಕನಿಗೆ.

"ಇದೆಲ್ಲ ಯಾವಾಗಿಂದ?" ಅವರಲ್ಲೊಬ್ಬ ಡಾಕ್ಟರಮ್ಮ ಕೇಳಿದರು.

"ಏನೋ, ನೆನಪಿಲ್ಲ," ಎಂದಳು ತಂಗಿ.

ಅಕ್ಕನಿಗೆ ತಡೆಯಲಾಗಲಿಲ್ಲ. "ಅವಳಿಗೇನು ಗೊತ್ತು, ನನ್ನ ಕೇಳಿ. ಬಾಯಾರಿಕೆ ಶುರುವಾಗಿ ಮೂರು ವರ್ಷ. ಮಾರನೇ ವರ್ಷ ಹಳದಿ ಗಂಟು. ನೋವು ಮಂಡಿ ಮೇಲೂ ಕೆಳಗೂ, ಎರಡೂ ಕಾಲಲ್ಲಿ ಸರಿಸಮ. ಹೋದ ಚಳಿಗಾಲದಲ್ಲಿ ಕಣ್ಣು ಉಬ್ಬಿದ್ದು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಇದನ್ನೆಲ್ಲ ಒಟ್ಟಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ."

ಸ್ಕ್ಯಾನ್ ಆಯಿತು, ಮೂಳೆಯ ಚೂರು ಪರೀಕ್ಷೆಗೆ ಹೋಯಿತು. ಕಾಯಿಲೆಯ ಹೆಸರು ಎರ್ಡ್‌ಹೈಮ್-ಚೆಸ್ಟರ್. "ಮೈಯೊಳಗೆ ಕಸ ಗುಡಿಸೋ ಜೀವಕೋಶಗಳು ಬೇಡದ ಕಡೆ ಗುಂಪು ಕಟ್ಟಿವೆ," ಎಂದರು ಡಾಕ್ಟರಮ್ಮ. "ಮೂಳೇಲಿ, ಕಣ್ಣಿನ ಹಿಂದೆ, ಮೂತ್ರಪಿಂಡದ ಸುತ್ತ, ತಲೆಯೊಳಗೂ. ಆ ಬಾಯಾರಿಕೆ, ತೂರಾಟ ಅದರಿಂದಲೇ. ತುಂಬಾ ಅಪರೂಪ."

ಅಪರೂಪ ಎಂಬ ಮಾತಿಗೆ ಅಕ್ಕನ ಹೊಟ್ಟೆ ಮತ್ತೆ ಉರಿಯಿತು. ಮರುಕ್ಷಣವೇ ನಾಚಿಕೆಯಿಂದ ಅವಳ ಮುಖ ಕೆಳಗಾಯಿತು.

ತಂಗಿ ಅವಳ ಕೈ ಹಿಡಿದಳು. "ನನ್ನ ಮೇಲೆ ಎಷ್ಟು ಪ್ರೀತಿ ಅಕ್ಕ ನಿಂಗೆ."

"ಪ್ರೀತಿಯಲ್ಲ ಕಣೇ, ಹೊಟ್ಟೆಕಿಚ್ಚು."

"ಏನೋ ಒಂದು. ನೀನೊಬ್ಬಳಾದರೂ ನೋಡಿದೆಯಲ್ಲ."

ಮಾತ್ರೆ ಹಿಡಿಯಿತು. ಪೂರ್ತಿ ವಾಸಿಯಾಗಲಿಲ್ಲ, ಆದರೂ ನೋವು ಇಳಿಯಿತು, ತಂಗಿ ಕೋಲು ಹಿಡಿದು ಅಂಗಡಿಗೆ ಬಂದಳು. ಅವಳು ಆಸ್ಪತ್ರೆಗೆ ಹೋದ ದಿನ ಅಳತೆ ತೆಗೆಯಲು ಅಕ್ಕನೇ ನಿಲ್ಲುತ್ತಾಳೆ. ಬಂದವರು ಮೊದಲು ಕೇಳುವುದು ತಂಗಿಯನ್ನೇ. ಅಕ್ಕನಿಗೆ ಮೈ ಉರಿಯುತ್ತದೆ. ಆದರೂ ಟೇಪು ಹಿಡಿದುಕೊಂಡೇ, ತಂಗಿ ನಿನ್ನೆ ಎಷ್ಟು ದೂರ ನಡೆದಳು ಎಂಬುದನ್ನು ಒಂದು ಹೆಜ್ಜೆಯೂ ಬಿಡದೆ ಹೇಳುತ್ತಾಳೆ.